ಸೋಸುಕಾಗದದ ಮೇಲೆ ಅರಳಿದ ಕಾಲುವೆ

ಕಾಲುವೆ ನೀರಿನ ಒಂದು ಹನಿ ಸೋಸುಕಾಗದದ ಮೇಲೆ ಬಿದ್ದದ್ದೇ ಎಲ್ಲ ಫಜೀತಿಗೂ ಮೂಲ. ಊರಿನ ನೀರು ಪರೀಕ್ಷಿಸುವ ಪ್ರಯೋಗಾಲಯದ ನೌಕರ, ಜೊತೆಯವರ ಬಾಯಲ್ಲಿ ಹನಿರಾಯ, ಅದನ್ನು ಒರೆಸಲು ಹೋಗಿ ಹಾಗೇ ನಿಂತುಬಿಟ್ಟ. ಹನಿ ನಿದ್ದೆಯಲ್ಲಿ ನಕ್ಕ ಮಗುವಿನಂತೆ ಮೆಲ್ಲಗೆ ಅರಳಿತು. ನಡುವೆ ಕಂದು, ಸುತ್ತ ನೇರಳೆ. ಪರೀಕ್ಷೆಯ ಔಷಧ ಸೋಕಿಸಿದರೆ ಸೀಸವಿದ್ದಲ್ಲೆಲ್ಲ ಬಂಗಾರದ ಹಳದಿ.

ಅವನ ಬೀದಿಯ ಬಾವಿಗಳಿಗೆ ಇಳಿಯುತ್ತಿದ್ದುದು ಇದೇ ನೀರು. ಇಡೀ ಬೀದಿಗೆ ತುರಿಕೆ. ಅವನು ಬರೆದ ವರದಿಗಳನ್ನು ಪ್ರಯೋಗಾಲಯದ ಸಾಹೇಬರು ಬಿಡಿಸಿಯೂ ನೋಡಿರಲಿಲ್ಲ. ಓದದವರು ನೋಡಿಯಾದರೂ ಹೆದರಲಿ ಎಂದು ಹನಿರಾಯ ಹನಿ ಅರಳಿದ ಅಂಥ ಸೋಸುಕಾಗದಗಳನ್ನು ಮಾಡಿ, ಕೆಳಗೆ ವಿಷದ ಹೆಸರು ಬರೆದು, ಭಾನುವಾರ ವಾಚನಾಲಯದ ಹಾಲ್‌ನಲ್ಲಿ ತೂಗುಹಾಕಿದ.

ಕಿಟಕಿಯ ಬಿಸಿಲು ಕಾಗದಗಳನ್ನು ಹಾಯ್ದು ಹಾಲ್ ನೀರೊಳಗಿನ ಅರಮನೆಯಂತಾಯಿತು. ಜನ ಬಂದರು, ದನಿ ತಗ್ಗಿಸಿದರು, ಕೈ ಕೆರೆದುಕೊಳ್ಳುತ್ತಾ ಮೈಮರೆತರು. ಪಕ್ಕದ ಮನೆಯ ದರ್ಜಿ ತನ್ನ ಪರದೆಗೆ ಹೊಂದುವಂಥದ್ದು ಸಿಗುತ್ತದೆಯೇ ಎಂದು ವಿಚಾರಿಸಿದ. ಹೆಂಡತಿಯ ಅಕ್ಕ ಹಳದಿಯ ಮುಂದಿನಿಂದ ಕದಲಲೇ ಇಲ್ಲ.

"ಅತ್ತಿಗೆ, ಅದು ಸೀಸ."

"ಇರ್ಲಿ ಬಿಡಪ್ಪ. ಕಣ್ಣಿಗೆ ಎಷ್ಟು ತಂಪಾಗಿದೆ."

ಹೆದರಿಸಲೆಂದೇ ಅವನು ಒಂದೊಂದು ವಿಷದ ಗುಣವನ್ನೂ ವಿವರಿಸತೊಡಗಿದ. ಹೇಳುತ್ತಾ ಹೇಳುತ್ತಾ ಅವನ ದನಿಯೇ ಲಾಲಿಯಂತಾಗಿ, ನೋಡಲು ಬಂದಿದ್ದ ಸಾಹೇಬರು ಕುರ್ಚಿಯಲ್ಲೇ ತೂಕಡಿಸಿದರು.

ಸಂಜೆ, ಕಾಲುವೆಗೆ ಕೊಳವೆ ಬಿಟ್ಟಿದ್ದ ಬಣ್ಣದ ಕಾರ್ಖಾನೆಯ ಯಜಮಾನ ಬಂದ. ದೊಡ್ಡ ನೇರಳೆ ವೃತ್ತದೆದುರು ಬಹಳ ಹೊತ್ತು ನಿಂತ. ಕಣ್ಣಲ್ಲಿ ನೀರು. ಹನಿರಾಯನ ಎದೆ ಹಗುರಾಯಿತು. ಕೊನೆಗೂ ಒಬ್ಬನಿಗೆ ನಾಟಿತಲ್ಲ ಎಂದು ಹತ್ತಿರ ಹೋಗಿ ನಿಂತ. ಯಜಮಾನ ಅವನ ಎರಡೂ ಕೈ ಹಿಡಿದುಕೊಂಡ.

"ಇದು ನಮ್ಮ ನೇರಳೆ ಸ್ವಾಮಿ. ಬಟ್ಟೆ ಮೇಲೆ ನಿಲ್ತಾನೇ ಇರ್ಲಿಲ್ಲ, ಹೊಟ್ಟೆ ಉರ್ಕೊಂಡು ಕಾಲುವೆಗೆ ಚೆಲ್ತಿದ್ದೆ. ನೀವು ಅದಕ್ಕೊಂದು ಮರ್ಯಾದೆ ಕೊಟ್ರಿ." ಆಮೇಲೆ ದನಿ ತಗ್ಗಿಸಿ, "ಮುಂದಿನ ವಾರ ಹಸಿರು ಬಿಡ್ತೀವಿ. ನಿಮಗೋಸ್ಕರ ಸ್ವಲ್ಪ ಜಾಸ್ತೀನೇ ಬಿಡಿಸ್ತೀನಿ."

ಹನಿರಾಯನಿಗೆ ಸಿಟ್ಟು ನೆತ್ತಿಗೇರಿತು. ಬೈಯಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದವು. ಅವನು ಬಾಯಿ ತೆರೆದ.

"ತಿಳಿ ಹಸಿರಾ," ಎಂದು ಕೇಳಿದ, "ಗಾಢ ಹಸಿರಾ?"