ಎಂಟಡಿ ರೆಕ್ಕೆಯೂ ಎರಡು ಚಂದ್ರಂಕಿಯೂ

ಈ ಯುಗಾದಿಗೆ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ನನ್ನ ಈ ಎರಡು ಕೈಗಳಿಂದಲೇ ಒಂದು ವಿಮಾನ ಕಟ್ಟುತ್ತೇನೆ! ಮೇಲೊಂದು ಕೆಳಗೊಂದು ರೆಕ್ಕೆ ಇರುತ್ತದಲ್ಲ, ಹಳೇ ಕಾಲದ್ದು, ಅಂಥ ವಿಮಾನದ ಮಾದರಿ. ಪೂರ್ತಿ ಮರದ್ದು. ತುದಿಯಿಂದ ತುದಿಗೆ ಎಂಟು ಅಡಿ! ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಹದಿನೆಂಟು ವರ್ಷದಿಂದ ಟಪಾಲಿಗೆ ಸೀಲು ಒತ್ತುತ್ತಿರುವ ಈ ಮುರಳಿಮೋಹನನ ಕೈಗಳು ಬರೀ ಸೀಲು ಒತ್ತಲು ಹುಟ್ಟಿದವಲ್ಲ ಅಂತ ಲೋಕಕ್ಕೆ ತೋರಿಸಬೇಕಿತ್ತು. ಲೋಕ ಅಂದರೆ ಮುಖ್ಯವಾಗಿ ಪಕ್ಕದ ಮೇಜಿನ ನವೀದ್.

"ಸಾರ್, ಹೋದ ವರ್ಷ ನೀವು ಕುರ್ಚಿ ರಿಪೇರಿ ಮಾಡಿದ್ರಲ್ಲ, ಅದರ ಮೇಲೆ ಇನ್ನೂ ಯಾರೂ ಧೈರ್ಯ ಮಾಡಿ ಕೂತಿಲ್ಲ" ಅಂದ.

"ಮುಂದಿನ ತಿಂಗಳು ಮನೆಗೆ ಬಾರಯ್ಯ! ನೋಡಿ ಬಾಯಿ ಬಿಡದಿದ್ರೆ ಕೇಳು!"

ವಿಮಾನದ ಮರದ ಪಟ್ಟಿ, ಅಂಟು, ವಾರ್ನಿಷ್ ಎಲ್ಲ ಇದ್ದ ಕಿಟ್ ತರಿಸಿದೆ. ಅದು ಬಂದ ದಿನವೇ ಮನೆಗೆ ರೇಷ್ಮೆ ಹುಳುವೂ ಬಂತು. ಇಷ್ಟು ವರ್ಷ ಹುಳು ಮನೆಯ ಯಜಮಾನಿಕೆ ನನ್ನ ಅತ್ತೆ ಕೊಂಡಮ್ಮನವರದು. ಕಣ್ಣು ಮಂಜಾಯಿತು ಅಂತ ಈ ಸಲ ಮೊದಲ ಬಾರಿಗೆ ಅದನ್ನು ಮಗಳಿಗೆ, ಅಂದರೆ ನನ್ನ ಹೆಂಡತಿ ಶಿರೀಷಾಗೆ ಒಪ್ಪಿಸಿದ್ದರು. ಅವತ್ತಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಈ ಬೆಳೆ ಕೆಟ್ರೆ ಅಮ್ಮ ಇನ್ನು ಜನ್ಮದಲ್ಲಿ ನನ್ನ ನಂಬಲ್ಲ ಕಣ್ರೀ" ಅಂತ ದಿನಕ್ಕೆ ಹತ್ತು ಸಲ ಹೇಳೋಳು.

ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಹುಳುವಿಗೆ ವಾಸನೆ ಆಗಲ್ಲ ಅಂತ ಊದುಬತ್ತಿ ಬಂದ್, ಪೌಡರ್ ಬಂದ್. ಕೊನೆಗೆ ನನ್ನ ವಾರ್ನಿಷ್ಷೂ ಬಂದ್!

"ವಾರ್ನಿಷ್ ಇಲ್ದೆ, ರೆಕ್ಕೆಗೆ ಬಟ್ಟೆ ಅಂಟಿಸ್ದೆ, ಅದು ವಿಮಾನ ಅಲ್ಲ ಕಣೇ, ವಿಮಾನದ ಅಸ್ಥಿಪಂಜರ!"

"ಬೆಳೆ ಮುಗಿಯೋ ತನಕ ಅಸ್ಥಿಪಂಜರವಾಗೇ ಇರ್ಲಿ. ಆ ಡಬ್ಬಿ ಮುಚ್ಚಳ ತೆಗೆದ್ರೆ ನೋಡಿ, ವಿಮಾನದ ಜೊತೆ ನಿಮ್ಮನ್ನೂ ಹಾರಿಸ್ತೀನಿ."

ಇಡೀ ಬೆಳೆಗೆ ಅವಳು ನನಗೆ ಒಪ್ಪಿಸಿದ ಕೆಲಸ ಒಂದೇ ಒಂದು. ಹುಳು ಹಣ್ಣಾದ ದಿನ, ಅಂದರೆ ಮೇಯೋದು ಬಿಟ್ಟು ನೂಲು ಬಿಡಲು ಸಿದ್ಧವಾದ ದಿನ, ಅದನ್ನು ಬಿಡೋದಕ್ಕೆ ಚಂದ್ರಂಕಿ ಹೊಂದಿಸಬೇಕು. ಚಂದ್ರಂಕಿ ಅಂದರೆ ಹುಳು ಗೂಡು ಕಟ್ಟೋದಕ್ಕೆ ಅಂತಲೇ ಹೆಣೆದ ಬಿದಿರಿನ ತಟ್ಟಿ. ಅದಿಲ್ಲದಿದ್ದರೆ ಹುಳು ಇದ್ದಲ್ಲೇ ನೂಲು ಕಕ್ಕಿ, ತಿಂಗಳ ಶ್ರಮವೆಲ್ಲ ಕಸದ ಪಾಲು.

"ನಮ್ಮತ್ರ ಹನ್ನೆರಡಿದಾವೆ. ಇನ್ನು ಹತ್ತು ಬೇಕು. ಪೆರೇಸಂದ್ರದ ಗಂಗುಲಪ್ಪ ಬಾಡಿಗೆಗೆ ಕೊಡ್ತಾರೆ, ಇವತ್ತೇ ಫೋನ್ ಮಾಡಿ ಹೇಳ್ಬಿಡಿ."

"ಅಷ್ಟೇ ತಾನೆ? ಆಯ್ತು ಅಂದ್ಕೋ!"

ಸಾಯಂಕಾಲ ಅವಳು "ಹೇಳಿದ್ರಾ?" ಅಂತ ಬಂದಾಗ ನಾನು ರೆಕ್ಕೆಯ ನಲವತ್ತೊಂದನೇ ಪಟ್ಟಿ ಅಂಟಿಸುತ್ತಿದ್ದೆ. ಪಟ್ಟಿಯ ಜೊತೆ ನನ್ನ ಎರಡು ಬೆರಳೂ ಅಂಟಿಕೊಂಡಿದ್ದವು. ಇನ್ನು ಫೋನ್ ಹಿಡಿಯೋದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡು, "ಹೇಳಾಯ್ತು!" ಅಂದುಬಿಟ್ಟೆ.

ಅವಳು ಹೋಗಲಿಲ್ಲ. ಆಗಲೇ ಮುಗಿಸಿ ಹೊರಗೆ ಗೋಡೆಗೆ ಒರಗಿಸಿದ್ದ ಇನ್ನೊಂದು ರೆಕ್ಕೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಗೇಣು ಹಾಕಿ ಅಳೆದಳು. ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಬಾರಿ ನನ್ನ ಕೈಗೆಲಸವನ್ನು ಇಷ್ಟು ಹೊತ್ತು ನೋಡಿದ್ದು! ನನಗೆ ಎದೆ ಉಬ್ಬಿತು.

"ಇಂಥದು ಎಷ್ಟು?"

"ಈ ಕಡೆಗೊಂದು ಜೊತೆ, ಆ ಕಡೆಗೊಂದು ಜೊತೆ."

"ಗಟ್ಟಿ ಇರ್ತಾವಾ?"

"ಬಿರುಗಾಳಿಗೂ ಜಗ್ಗಲ್ಲ!"

ಮರುದಿನ ಮರೆತೆ. ಅದರ ಮರುದಿನ ಸೀಲು ಒತ್ತುವಾಗ ನೆನಪಾಗಿ, ಭಯಕ್ಕೆ ಸೀಲು ನನ್ನ ಅಂಗೈ ಮೇಲೇ ಬಿತ್ತು. ಫೋನ್ ಎತ್ತಿದೆ. ತಡವಾಯಿತಲ್ಲ, ಗಂಗುಲಪ್ಪ ಇಲ್ಲ ಅಂದುಬಿಟ್ಟರೆ? ಇಟ್ಟೆ. ದಿನಾ ಎತ್ತುತ್ತಿದ್ದೆ, ದಿನಾ ಇಡುತ್ತಿದ್ದೆ. ದಿನ ಹೋದಷ್ಟೂ ಭಯ ಜಾಸ್ತಿ, ಭಯ ಜಾಸ್ತಿಯಾದಷ್ಟೂ ಮನೆಗೆ ಬಂದು ಇನ್ನೊಂದು ಪಟ್ಟಿ ಅಂಟಿಸೋದು! ಆ ರೆಕ್ಕೆಗಳು ಎದ್ದದ್ದು ಅಂಟಿನಿಂದಲ್ಲ ಸ್ವಾಮಿ, ಶುದ್ಧ ಹೆದರಿಕೆಯಿಂದ.

ಒಂದು ಗುರುವಾರ ಬೆಳಗ್ಗೆ ಹುಳು ಮನೆಯಲ್ಲಿ ಸದ್ದೇ ಇಲ್ಲ. ಒಂದು ವಾರದಿಂದ ಕರಕರ ಸೊಪ್ಪು ಮೇಯುತ್ತಿದ್ದ ಹುಳುಗಳು ತಿನ್ನೋದು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದವು.

"ಹಣ್ಣಾಗ್ಬಿಟ್ವು! ಒಂದಿನ ಮುಂಚೆನೇ!" ಶಿರೀಷಾ ಕೂಗಿದಳು. "ರೀ, ಹೋಗಿ ಚಂದ್ರಂಕಿ ತಗೊಂಬನ್ನಿ!"

ಲಗೇಜ್ ಆಟೋ ಹತ್ತಿ ದಾರಿಯಲ್ಲೇ ಫೋನ್ ಮಾಡಿದೆ. "ಗಂಗುಲಪ್ಪೋರೇ, ದಮ್ಮಯ್ಯ ಅಂತೀನಿ! ಚಂದ್ರಂಕಿ ಇದಾವಾ?"

"ಎಲ್ಲಾ ಹೋದ್ವಲ್ಲ ಸ್ವಾಮಿ. ಎಂಟು ಎತ್ತಿಟ್ಟಿದೀನಿ, ಬಂದು ತಗೊಂಡ್ಹೋಗಿ."

ಯಾರಿಗೆ ಎತ್ತಿಟ್ಟಿದ್ದು ಅಂತ ಕೇಳೋ ಸ್ಥಿತಿಯಲ್ಲಿ ನಾನಿರಲಿಲ್ಲ. ಇನ್ನೆರಡಕ್ಕೆ ದಾರಿಯಲ್ಲಿ ಸಿಕ್ಕ ಪ್ರತಿ ಮನೆ ಮುಂದೆ ಆಟೋ ನಿಲ್ಲಿಸಿ ಕೈ ಮುಗಿದೆ. ಎಲ್ಲರ ಮನೆಯಲ್ಲೂ ಹುಳು ಹಣ್ಣು! ಎರಡು ಕಡಿಮೆ ಅಂದರೆ ಎರಡು ಸಾವಿರ ಹುಳು. ಎರಡು ಸಾವಿರ ಹುಳುವಿನ ಶಾಪ!

ಮನೆಗೆ ಬಂದವನು ನಾಚಿಕೆ ಬಿಟ್ಟು, "ಎಂಟೇ ಕೊಟ್ಟ ಕಣೇ! ಹತ್ತು ಅಂತ ಕಡ್ಡಿ ಮುರಿದಂಗೆ ಹೇಳಿದ್ದೆ. ಮೋಸಗಾರ!" ಅಂದೆ.

"ಹೌದಾ? ಪಾಪ" ಅಂದಳು ಶಿರೀಷಾ. ಅಷ್ಟೇ.

ಅಷ್ಟರಲ್ಲಿ ಗೋಡೆ ಕಡೆ ಕಣ್ಣು ಹೋಯಿತು. ಅತ್ತೆ ಚಾಪೆ ಹಾಸಿ, ನನ್ನ ಎರಡು ಜೊತೆ ರೆಕ್ಕೆಗಳನ್ನೂ ಅದರ ಮೇಲೆ ಮಲಗಿಸಿ, ಮೊರದಿಂದ ಹುಳು ಎತ್ತಿ ಎತ್ತಿ ಬಿಡುತ್ತಿದ್ದಾರೆ!

"ಅತ್ತೇ! ಅದು ವಿಮಾನ!"

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. "ಎಲ್ಲಪ್ಪ? ಬೆಂಗಳೂರು ಕಡೆದಾ? ನಂಗೆ ಕಣ್ಣು ಸರೀಗೆ ಕಾಣ್ಸಲ್ಲ."

"ಮೇಲಲ್ಲ, ಅದೇ! ನೀವು ಹುಳ ಬಿಡ್ತಾ ಇರೋದು!"

"ಇದಾ? ಹೊಸ ಮಾಡಲ್ ಚಂದ್ರಂಕಿ ಬಂದೈತೆ ಅಂದ್ಕೊಂಡೆ. ಚೆನ್ನಾಗೈತಪ್ಪ, ಮಾಳಿಗೆ ಬೇರೆ ಐತೆ."

ನಾನು ಹುಳು ಎತ್ತಲು ಕೈ ಚಾಚಿದೆ. "ಮುಟ್ಬೇಡಿ!" ಅಂತ ಶಿರೀಷಾ ಗುಡುಗಿದಳು. "ನೂಲು ಹಿಡಿದ್ಬಿಟ್ಟಿವೆ!"

ಮುಂದಿನ ಐದು ದಿನ ನಾನು ಬದುಕಿದ್ದೇ ಹೆಚ್ಚು. ಅಂಟಿನ ವಾಸನೆಗೆ ಹುಳು ಸತ್ತರೆ? ರೆಕ್ಕೆಯಿಂದ ಉದುರಿದರೆ? ರಜೆ ಹಾಕಿ ಇರುವೆ ಬಾರದಂತೆ ಕಾದೆ, ಹಲ್ಲಿ ಓಡಿಸಿದೆ. ವಿಮಾನದ ಯೋಚನೆಯೇ ಮರೆತುಹೋಗಿ, "ಕಟ್ರಪ್ಪ, ಕಟ್ರಮ್ಮ, ನನ್ನ ಮಾನ ಉಳಿಸಿ" ಅಂತ ಒಂದೊಂದು ಹುಳುವನ್ನೂ ಬೇಡಿಕೊಂಡೆ. ಕಟ್ಟಿದವು! ಪಟ್ಟಿ ಪಟ್ಟಿಗೂ ಚಿನ್ನದ ಬಣ್ಣದ ಗೂಡು! ಕಣ್ಣಲ್ಲಿ ನೀರು ಬಂತು.

ಗೂಡು ಬಿಡಿಸುವ ದಿನ, ರಜೆ ಹಾಕಿದ್ದೇಕೆ ಅಂತ ನೋಡಲು ನವೀದ್ ಬಂದೇಬಿಟ್ಟ. ನಿಜಕ್ಕೂ ಬಾಯಿ ಬಿಟ್ಟ.

"ಸಾರ್, ಇದು ಹಾರತ್ತಾ, ಇಲ್ಲ ಮೊಟ್ಟೆ ಇಡತ್ತಾ?"

ಅತ್ತೆ ಗೂಡೊಂದನ್ನು ಕಿವಿ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿದರು. "ಗಟ್ಟಿ ಗೂಡು. ಮುಂದಿನ ಬೆಳೆನೂ ನೀನೇ ನೋಡ್ಕೊಳ್ಳಮ್ಮ" ಅಂದರು. ಶಿರೀಷಾ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಾನೂ ಮೀಸೆ ತಿರುವಲು ಕೈ ಎತ್ತಿದೆ.

ಆಗಲೇ ಗಂಗುಲಪ್ಪ ತನ್ನ ಚಂದ್ರಂಕಿ ಒಯ್ಯಲು ಬಂದ. ಎಂಟನ್ನೂ ಎಣಿಸಿಕೊಂಡು, ನನ್ನ ರೆಕ್ಕೆಗಳನ್ನು ದಿಟ್ಟಿಸಿ, "ಓ, ಇವೇನಾ ಆ ಎರಡು?" ಅಂದ.

"ಯಾವ ಎರಡು?"

"ಶಿರೀಷಮ್ಮ ಆವತ್ತೇ ಫೋನ್ ಮಾಡಿದ್ರಲ್ಲ ಸ್ವಾಮಿ, 'ಹತ್ತು ಬೇಕಿತ್ತು, ಎಂಟೇ ಎತ್ತಿಡಿ, ಎರಡು ನಮ್ಮನೆಯವ್ರೇ ಕಟ್ತಾವ್ರೆ' ಅಂತ."

"ಯಾವತ್ತು?"

"ನಿಮ್ಮ ಬೆರಳು ಅಂಟ್ಕೊಂಡಿತ್ತಂತಲ್ಲ, ಅವತ್ತೇ ಸಾಯಂಕಾಲ."

ನವೀದ್ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಭುಜ ಕುಣಿಯುತ್ತಿತ್ತು. ಶಿರೀಷಾ ಮಾತ್ರ ತಲೆ ಎತ್ತದೆ ಗೂಡು ಬಿಡಿಸುತ್ತಾ, ಬಹಳ ಪ್ರೀತಿಯಿಂದ ಕೇಳಿದಳು:

"ರೀ, ಇದಕ್ಕೆ ಬಾಲ ಅಂತ ಒಂದು ಇರತ್ತಲ್ಲ, ಅದನ್ನ ಯಾವಾಗ ಕಟ್ತೀರಾ? ಮುಂದಿನ ಬೆಳೆಗೆ ಅದರಲ್ಲೂ ಒಂದು ಇನ್ನೂರು ಹುಳ ಹಿಡಿಸ್ಬೋದು."