ನಾಲ್ಕು ಪ್ಲಗ್, ನಾಲ್ಕು ಗ್ಯಾಪ್

ಹರಿತಾಳ ಗಂಡ ಮುರಳಿಮೋಹನ್ ಹಳೇ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ ದಿನದಿಂದ, ಆಕ್ಸಿಲರೇಟರ್ ತುಳಿದರೆ ಅದು ಓಡುವ ಬದಲು ಕೆಮ್ಮುತ್ತಿತ್ತು. ಸೂಪರ್‌ಚಾರ್ಜರ್ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಒತ್ತಡಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಆರಿಹೋಗುತ್ತದೆ. ಜೊತೆಗೆ ಬಂದ ಪುಸ್ತಕ ಓದಿದ್ದವಳು ಹರಿತಾ ಒಬ್ಬಳೇ. ಹೊಸ ಪ್ಲಗ್ ಹಾಕಿ, ಕಿಡಿ ಹಾರುವ ಗ್ಯಾಪನ್ನು ಪಾಯಿಂಟ್ ಆರು ಮಿಲಿಮೀಟರಿಗೆ ಇಳಿಸಬೇಕು ಎಂದಿತ್ತು. ಗಾಳಿ ಬೀಸಿದಾಗ ದೀಪಕ್ಕೆ ಅಂಗೈ ಅಡ್ಡ ಹಿಡಿಯುವವಳಿಗೆ ಇದು ಅರ್ಥವಾಗದ ಮಾತೇನಲ್ಲ.

ಅಂದು ಮಧ್ಯಾಹ್ನ ಚಿಂತಾಮಣಿಯಲ್ಲಿ ಕಾಲೇಜು ಗೆಳತಿ ಸೌಜನ್ಯಳ ಮನೆಯಲ್ಲಿ ಊಟ. "ಯಾರು ಕರ್ಕೊಂಡು ಬರ್ತಾರೆ ನಿನ್ನ?" ಎಂದು ಅವಳು ಫೋನಿನಲ್ಲಿ ನಕ್ಕಿದ್ದಳು. "ನಾನೇ ಓಡಿಸ್ಕೊಂಡು ಬರ್ತೀನಿ, ಒಬ್ಬಳೇ" ಎಂದಿದ್ದಳು ಹರಿತಾ. ನಲವತ್ತೈದು ವರ್ಷಗಳಲ್ಲಿ ಅವಳು ಒಬ್ಬಳೇ ಹೋದ ಅತಿ ದೂರದ ಊರು ಪಕ್ಕದ ವಿದುರಾಶ್ವತ್ಥ. ಆ ಬಸ್ಸಿನಲ್ಲೂ ನೆಂಟರು ಸಿಕ್ಕಿದ್ದರು.

ಗಂಡ ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೊರಟ ಮೇಲೆ ಅವಳು ಬಾನೆಟ್ ಎತ್ತಿದಳು. ಬೀದಿಯಲ್ಲಿ ಹೆಂಗಸು ಬಾನೆಟ್ ಎತ್ತುವುದೂ ಒಂದೇ, ಹೆಣ್ಣು ನೋಡುವ ಶಾಸ್ತ್ರಕ್ಕೆ ಚಾಪೆ ಹಾಸುವುದೂ ಒಂದೇ; ಕರೆಯದವರೂ ಬಂದು ಕೂರುತ್ತಾರೆ.

ಮೊದಲು ಬಂದವರು ಪಕ್ಕದ ಮನೆಯ ಚೆನ್ನರಾಯಪ್ಪ. "ಮೂವತ್ತು ವರ್ಷ ಬಸ್ ಓಡಿಸ್ದೋನು ಹೇಳ್ತೀನಿ ಕೇಳಮ್ಮ. ಗ್ಯಾಪ್ ದೊಡ್ಡದಿದ್ರೆ ಕಿಡಿ ದೊಡ್ಡದು."

"ಬಸ್ಸು ಡೀಸೆಲ್ ಅಲ್ವಾ ಸಾರ್? ಅದ್ರಲ್ಲಿ ಪ್ಲಗ್ಗೇ ಇರಲ್ಲ" ಎಂದ ಪಂಪ್‌ಸೆಟ್ ರಿಪೇರಿಯ ರಮೇಶ್‌ಬಾಬು.

"ಅದಕ್ಕೇ ಕಣಯ್ಯ, ನನ್ನ ಬಸ್ಸು ಒಂದಿನಾನೂ ಪ್ಲಗ್ ಕೆಟ್ಟು ನಿಂತಿಲ್ಲ!"

"ಅಕ್ಕಾ, ಅವರ ಮಾತು ಬಿಡಿ" ಎಂದು ರಮೇಶ್‌ಬಾಬು ಹರಿತಾಳತ್ತ ತಿರುಗಿದ. "ಕಬ್ಬಿಣ ಕೊಯ್ಯೋ ಆಕ್ಸಾ ಬ್ಲೇಡ್ ಎರಡು ಜೋಡಿಸಿ ತೂರ್ಸಿ. ಅಷ್ಟೇ ಗ್ಯಾಪು."

ಎದುರು ಮನೆಯ ಲೆಕ್ಚರರ್ ಸಿದ್ಧಾರ್ಥ್ ಮೊಬೈಲ್ ಹಿಡಿದು ಬಂದ. "ಮೇಡಂ, ವಿಡಿಯೋದಲ್ಲಿ ಒಬ್ಬ ಗ್ಯಾಪೇ ಇಲ್ದೆ ಓಡಿಸ್ತಾನೆ."

ಅತ್ತೆ ಓಬಳಮ್ಮ ಲಗ್ನಪತ್ರಿಕೆಗಳ ಕಟ್ಟು ತಂದರು. "ನಿಮ್ಮ ಮಾವ ಮೋಟರ್‌ಬೈಕಿಗೆ ಇದನ್ನೇ ಮಡಚಿ ಇಟ್ಟು ಅಳೀತಿದ್ರು ಕಣೇ. ಪತ್ರಿಕೆ ಮಾತ್ರ ಒಳ್ಳೇ ಮನೆತನದ್ದಾಗಿರ್ಬೇಕು."

ಹರಿತಾ ಮುಗುಳ್ನಕ್ಕಳು. ಅತ್ತೆಗೆ ಉಪ್ಪು ಕಡಿಮೆ, ಗಂಡನಿಗೆ ಖಾರ ಹೆಚ್ಚು, ಮಗಳಿಗೆ ಬೆಳ್ಳುಳ್ಳಿ ಬೇಡ. ಇಪ್ಪತ್ತು ವರ್ಷಗಳಿಂದ ಅವಳು ಒಂದೇ ಪಾತ್ರೆಯ ಬಸ್ಸಾರನ್ನು ಮೂರು ಬಟ್ಟಲಿಗೆ ಬಡಿಸಿ, "ನಿಮಗಂತಲೇ ಬೇರೆ ಮಾಡಿದ್ದು" ಎನ್ನುತ್ತಿದ್ದಳು. ಎಲ್ಲರೂ ಚಪ್ಪರಿಸಿ ಉಣ್ಣುತ್ತಿದ್ದರು.

"ಪ್ಲಗ್ ನಾಲ್ಕು, ನೀವೂ ನಾಲ್ಕು ಜನ. ಒಬ್ಬೊಬ್ಬರು ಹೇಳಿದ ಹಾಗೆ ಒಂದೊಂದು ಮಾಡ್ತೀನಿ" ಎಂದು ಹೊಸ ಪ್ಲಗ್ಗುಗಳನ್ನು ಅಡುಗೆಮನೆಗೆ ಒಯ್ದಳು. ಗ್ಯಾಪ್ ಅಳೆಯುವ ಉಕ್ಕಿನ ಗೇಜು ತೂರಿಸಿ ನಾಲ್ಕನ್ನೂ ಪಾಯಿಂಟ್ ಆರಕ್ಕೇ ಬಗ್ಗಿಸಿ, ಕಾಫಿಯ ಜೊತೆಗೆ ಹೊರಗೆ ತಂದಳು.

ನಾಲ್ಕನ್ನೂ ಎಂಜಿನ್ನಿಗೆ ಕೂರಿಸಿದ ಮೇಲೆ ಕಾರು ಸ್ಟಾರ್ಟ್ ಆಯಿತು. "ಟೆಸ್ಟ್ ಮಾಡಣ" ಎಂದು ನಾಲ್ವರೂ ಹತ್ತಿ ಕುಳಿತರು. ರೈಲ್ವೆ ಗೇಟಿನವರೆಗೆ ಕಾರು ಹಗ್ಗ ಕಿತ್ತ ಹೋರಿಯಂತೆ ಹಾರಿತು. ಇವರನ್ನು ಮನೆಯ ಮುಂದೆ ಇಳಿಸಿದರೆ ಸಾಕು, ಮುಂದೆ ಚಿಂತಾಮಣಿ!

ಇಳಿದವರು ಒಳಗೆ ಹೋಗಲಿಲ್ಲ.

"ನೋಡಿದ್ಯಾ ನನ್ನ ಪ್ಲಗ್ಗಿನ ಎಳೆತ!" ಎಂದರು ಚೆನ್ನರಾಯಪ್ಪ.

"ನಿಮ್ಮದನ್ನ ಹೊತ್ಕೊಂಡು ಓಡಿದ್ದೇ ನನ್ನ ಪ್ಲಗ್ಗು!" ಎಂದ ರಮೇಶ್‌ಬಾಬು.

"ಬಿಚ್ಚಿ ನೋಡೇಬಿಡಣ" ಎಂದ ಸಿದ್ಧಾರ್ಥ್.

"ಬೇಡ, ನಂಗೆ ಲೇಟಾಗತ್ತೆ" ಎಂದು ಹರಿತಾ ಅನ್ನುವಷ್ಟರಲ್ಲಿ ರಮೇಶ್‌ಬಾಬು ಸ್ಪ್ಯಾನರ್ ಹಾಕಿಯಾಗಿತ್ತು. ನಾಲ್ಕೂ ಪ್ಲಗ್ ಸಾಲಾಗಿ ಕಟ್ಟೆಯ ಮೇಲೆ ಕುಳಿತವು. ನಾಲ್ಕರ ಗ್ಯಾಪೂ ಒಂದೇ.



"ಪ್ರೆಷರ್‌ಗೆ ಎಲ್ಲಾ ಸಮ ಆಗೋಗಿದೆ!" ಎಂದ ಸಿದ್ಧಾರ್ಥ್. ಮೂವರು ಗಂಡಸರೂ ಹೌದೆಂದು ತಲೆದೂಗಿ, ತಂತಮ್ಮ ಪ್ಲಗ್ಗನ್ನು ತಂತಮ್ಮ ಗ್ಯಾಪಿಗೆ ಬಗ್ಗಿಸಿ, ನಾಲ್ಕನ್ನೂ ಮತ್ತೆ ಎಂಜಿನ್ನಿಗೆ ಕೂರಿಸಿದರು. ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲ ಬಿಕ್ಕಿ, ನಿಂತೇಹೋಯಿತು. ಒಳಗಿನ ಸೀಟಿನ ಮೇಲೆ ಹರಿತಾಳ ಫೋನು ಸೌಜನ್ಯಳ ಕರೆಗೆ ಹೊಡೆದುಕೊಳ್ಳುತ್ತಿತ್ತು.

ಓಬಳಮ್ಮ ಮಾತ್ರ ಲಗ್ನಪತ್ರಿಕೆ ಹಿಡಿದು ನಿಂತಲ್ಲೇ ನಿಂತಿದ್ದರು. ಅವರ ಕಣ್ಣು ಕಾರಿನ ಮೇಲಿರಲಿಲ್ಲ, ಸೊಸೆಯ ಮೇಲಿತ್ತು.

"ಒಬ್ಬೊಬ್ಬರಿಗೆ ಒಂದೊಂದು ಅಂದೆ. ಅಡುಗೆಮನೆಗೆ ತಗೊಂಡೋದೆ. ಎಲ್ಲಾ ಒಂದೇ ಆಗಿ ಹೊರಗೆ ಬಂತು" ಎಂದರು ನಿಧಾನವಾಗಿ. "ಅಲ್ಲಾ ಕಣೇ ಹರಿತಾ, ಇಪ್ಪತ್ತು ವರ್ಷದಿಂದ ನನ್ನ ಬಸ್ಸಾರು?"