ಹೆಡ್‌ಮಿಸ್ಸಿಗೆ ಚಪ್ಪಾಳೆ

ಸಿಂಗಾಪುರದ ಪುಂಗೋಲ್‌ನಲ್ಲಿ ವಯಸ್ಸಾದವರ ಡೇ ಕೇರ್ ಸೆಂಟರೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್. ಎದೆ ಧಸಕ್ಕೆನ್ನದೆ ಒಂದು ವಾರ ಕಳೆದರೆ, ನಾನು ರಜೆಯಲ್ಲಿದ್ದೇನೋ ಏನೋ ಎಂದು ಅನುಮಾನ ಬರುತ್ತದೆ. ಈಚಿನ ಗಾಬರಿಗಳೆಲ್ಲ ಒಬ್ಬರೇ ಆಂಟಿಯ ಕೊಡುಗೆ. ಮೈಸೂರಿನಲ್ಲಿ ಹೆಡ್‌ಮಿಸ್ ಆಗಿದ್ದವರು, ಈಗ ಇಲ್ಲಿ ಮಗನ ಮನೆಯಲ್ಲಿದ್ದಾರೆ. ಬಿದ್ದು ಸೊಂಟದ ಆಪರೇಷನ್ ಆದಮೇಲೆ ವೀಲ್‌ಚೇರಿನಲ್ಲಿ ಕೂತವರು ಏಳಲೇ ಇಲ್ಲ. ಮೂಳೆ ಕೂಡಿದೆ, ನಡೆಯಬಹುದು ಎಂದು ಡಾಕ್ಟರ್ ಹೇಳಿದ್ದರು. ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಇಲ್ಲ ಎಂಬ ಭಯ ನನಗೆ. ಮಗ ಆಗಲೇ ಮೋಟಾರ್ ವೀಲ್‌ಚೇರ್ ಹುಡುಕತೊಡಗಿದ್ದ.

೧. ಚೆಂಡು

ಮೊದಲ ದಿನ ಚೆಂಡಾಟ. ಆಂಟಿ ಚೆಂಡು ಹಿಡಿದರು. ನಮ್ಮ ಸ್ಟಾಫ್ ಹುಡುಗಿ ಚಪ್ಪಾಳೆ ತಟ್ಟಿ, "ಗುಡ್ ಗರ್ಲ್, ಆಂಟಿ" ಎಂದಳು. ಆಂಟಿ ನನ್ನನ್ನು ಹತ್ತಿರ ಕರೆದು ತಣ್ಣಗೆ ಕೇಳಿದರು:

"ನಾನು ಗರ್ಲ್ಸ್ ಸ್ಕೂಲನ್ನೇ ನಡೆಸಿದೋಳಮ್ಮ. ಒಂದು ಚೆಂಡು ಹಿಡಿದಿದ್ದಕ್ಕೆ ಗುಡ್ ಗರ್ಲಾ?"

ಆ ಚೆಂಡು ಸಂಜೆಯವರೆಗೂ ವಾಪಸ್ ಬರಲಿಲ್ಲ. ಜಪ್ತಿ ಮಾಡಿದ್ದರು.

೨. ಕಾಫಿ

ಏನು ಬೇಕೆಂದು ಅವರನ್ನೇ ಕೇಳಿ, ಆಗುವುದನ್ನು ಅವರೇ ಮಾಡಿಕೊಳ್ಳಲಿ ಎಂದು ನಮಗೆ ಟ್ರೈನಿಂಗಿನಲ್ಲಿ ಹೇಳುತ್ತಲೇ ಇರುತ್ತಾರೆ. ಕೇಳಿದೆ. ಭಜನೆ ಅನ್ನುತ್ತಾರೆ ಎಂದುಕೊಂಡಿದ್ದೆ. ತಮ್ಮ ಕಾಫಿ ತಾವೇ ಮಾಡಿಕೊಳ್ಳಬೇಕು ಎಂದರು. ಬಿಸಿ ಹಾಲು ಎಂದ ಕೂಡಲೇ ಮ್ಯಾನೇಜರ್ ಬೆಚ್ಚಿ ಮೀಟಿಂಗ್ ಕರೆದಳು. ಕೊನೆಗೆ, ನಾನು ಪಕ್ಕದಲ್ಲೇ ಇರಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಮನೆಯಿಂದ ಫಿಲ್ಟರ್ ಬಂತು. ಆಂಟಿ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಎತ್ತಿ ಹೊಯ್ದು ನೊರೆ ಬರಿಸಿದರು. ಚೈನೀಸ್ ಅಂಕಲ್ ಒಬ್ಬರಿಗೂ ಒಂದು ಲೋಟ ಕೊಟ್ಟರು. ಆಗ ಗಮನಿಸಿದೆ. ಎಷ್ಟು ಬೇಡಿಕೊಂಡರೂ ಏಳದಿದ್ದ ಆಂಟಿ ಇಷ್ಟು ಹೊತ್ತೂ ನಿಂತೇ ಇದ್ದರು.

ಬಾಯಿ ಬಿಟ್ಟುಕೊಂಡಿದ್ದ ನನ್ನ ಕೈಗೆ ಖಾಲಿ ಲೋಟ ಇಟ್ಟು, "ತೊಳಿ. ನಿನಗೂ ಎಕ್ಸರ್‌ಸೈಜ್ ಆಗತ್ತೆ" ಎಂದರು.

೩. ವಾಕರ್

ನಿಂತರಲ್ಲ ಎಂಬ ಹುರುಪಿನಲ್ಲಿ ಓಡಿಹೋಗಿ ವಾಕರ್ ತಂದೆ. ಅದು ವಯಸ್ಸಾದವರಿಗೆ, ಆ ಅಂಕಲ್‌ಗೆ ಕೊಡು ಎಂದು ಮುಖ ತಿರುಗಿಸಿದರು. ಆಂಟಿಗೆ ಎಂಬತ್ತು ದಾಟಿದೆ. ಅಂಕಲ್‌ಗೆ ಇನ್ನೂ ಎಪ್ಪತ್ತು.

೪. ಸವಾರಿ

ಒಂದು ಸಂಜೆ ನೋಡಿದರೆ ಆಂಟಿ ಇಲ್ಲ. ವೀಲ್‌ಚೇರೂ ಇಲ್ಲ. ಟಾಯ್ಲೆಟ್, ಪ್ಯಾಂಟ್ರಿ ಎಲ್ಲ ಹುಡುಕಿ, ಜೀವ ಕೈಯಲ್ಲಿ ಹಿಡಿದುಕೊಂಡು ಹೊರಗೆ, ಕಟ್ಟಡದ ಕೆಳಗಿನ ಖಾಲಿ ಅಂಗಳ ವಾಯ್ಡ್ ಡೆಕ್‌ಗೆ ಓಡಿದೆ.

ವೀಲ್‌ಚೇರ್ ಅಲ್ಲೇ ಹೋಗುತ್ತಿತ್ತು. ಅದರಲ್ಲಿ ಕೂತಿದ್ದವನು ಮಗ. ಬ್ಯೂನಾ ವಿಸ್ಟಾದ ಆಫೀಸಿನಿಂದ ಅಮ್ಮನನ್ನು ಕರೆದೊಯ್ಯಲು ಬಂದವನು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿನಲ್ಲಿದ್ದ. ಹಿಂದೆ ಹಿಡಿಗಳನ್ನು ಗಟ್ಟಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಅವನನ್ನು ತಳ್ಳುತ್ತಿದ್ದವರು ಆಂಟಿ.

"ಬೆನ್ನು ನೋವು ಅಂದೆ ಅಷ್ಟೇ. ಕೂತ್ಕೋ ಅಂದ್ರು, ಕೂತೆ" ಎಂದು ಮಗ ಪಿಸುಗುಟ್ಟಿದ. ಅವನ ಮುಖ ನನಗಿಂತ ಬಿಳಿಚಿಕೊಂಡಿತ್ತು.

ಕೂಗಿದರೆ ಎಲ್ಲಿ ಬೀಳುತ್ತಾರೋ ಎಂದು ಎರಡೂ ಕೈ ಚಾಚಿಕೊಂಡು ಪಕ್ಕದಲ್ಲೇ ನಡೆದೆ. ಗಾಬರಿಗೋ ಸಂತೋಷಕ್ಕೋ, ಕಣ್ಣಲ್ಲಿ ನೀರು ಬರುತ್ತಿತ್ತು. ಲಿಫ್ಟ್ ಹತ್ತಿರ ಆಂಟಿ ನಿಂತು, ಬ್ರೇಕ್ ಹಾಕಿ, ಉಸಿರು ಸುಧಾರಿಸಿಕೊಂಡರು. ಆಮೇಲೆ ಮಗನ ಕಿವಿಯ ಹತ್ತಿರ ಬಗ್ಗಿ, ಇಡೀ ಆಫೀಸಿಗೆ ಕೇಳುವಂತೆ ಚಪ್ಪಾಳೆ ತಟ್ಟಿ ಹೇಳಿದರು:

"ಗುಡ್ ಬಾಯ್."